ಎ.ಸಿ. ಕೋರ್ಟಿನ ವಾಯಿದೆ ಮತ್ತು ಬಸ್ಸಿನ ವೇಳೆ: ಪಾಂಡವಪುರ ಉಪವಿಭಾಗದ ಒಂದು ಅವಲೋಕನ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಸೇರಿ ಮಂಡ್ಯ ಜಿಲ್ಲೆಯ ಒಂದು ಕಂದಾಯ ಉಪವಿಭಾಗ, ಅದರ ಕೇಂದ್ರ ಪಾಂಡವಪುರ. ಖಾತೆ ಬದಲಾವಣೆಯ ಆದೇಶವನ್ನು ಒಪ್ಪದ ರೈತ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 136(2)ನೇ ಕಲಮಿನಡಿ ಮೇಲ್ಮನವಿ ಹಾಕುವುದು ಇಲ್ಲಿನ ಉಪವಿಭಾಗಾಧಿಕಾರಿಯ (ಎ.ಸಿ.) ಕೋರ್ಟಿಗೆ. ಮಕ್ಕಳು ಕೈಬಿಟ್ಟ ಹಿರಿಯರು 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಜೀವನಾಂಶ ಕೇಳುವುದೂ ಇದೇ ಅಧಿಕಾರಿಯ ನೇತೃತ್ವದ ನ್ಯಾಯಮಂಡಳಿಯಲ್ಲಿ. ಸ್ವಂತ ವಾಹನವಿಲ್ಲದವರಿಗೆ ಈ ಹಕ್ಕುಗಳು ದಕ್ಕಬೇಕಾದರೆ ವಿಚಾರಣೆಯ ವೇಳೆಯನ್ನೂ ಬಸ್ಸಿನ ವೇಳೆಯನ್ನೂ ಒಟ್ಟಿಗೆ ನಿಗದಿಪಡಿಸಬೇಕೆಂಬುದು ಈ ಲೇಖನದ ವಾದ.

ರೈಲು ಈ ತಾಲ್ಲೂಕುಗಳನ್ನು ಹೊರಗಿನ ನಗರಗಳಿಗೆ ಜೋಡಿಸಿದೆಯೇ ಹೊರತು ನಾಲ್ಕನ್ನೂ ಪರಸ್ಪರ ಬೆಸೆದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ ನಿಲ್ದಾಣಗಳು ಮೈಸೂರು–ಬೆಂಗಳೂರು ಮಾರ್ಗದಲ್ಲಿವೆ. ಪಾಂಡವಪುರದ ನಿಲ್ದಾಣವಾದರೋ ಊರಿನಿಂದ ಹೊರಗಿದೆ. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು ಮೈಸೂರು–ಅರಸೀಕೆರೆ ಮಾರ್ಗದಲ್ಲಿದ್ದರೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರ ಇರುವುದು 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಹಾಸನ ಮಾರ್ಗದಲ್ಲಿ.

ರಸ್ತೆಯ ಕಥೆಯೂ ಬೇರೆಯಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಶ್ರೀರಂಗಪಟ್ಟಣಕ್ಕೆ ಬೈಪಾಸ್ ಕೊಟ್ಟಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯರಸ್ತೆ ಮುಚ್ಚಿತು. ವೇಗದ ಲಾಭ ಕಾರುಳ್ಳವರಿಗೆ ಹೆಚ್ಚು ಸಂದಿತು. ನಾಗಮಂಗಲವನ್ನು ಪಾಂಡವಪುರಕ್ಕೆ 150ಎ ಹೆದ್ದಾರಿ ಸೇರಿಸುತ್ತದೆ, ಕೆ.ಆರ್. ಪೇಟೆ ಆ ಹೆದ್ದಾರಿಯಲ್ಲಿಲ್ಲ.

ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ ಕಡೆಯ ಹಳ್ಳಿಯ ಅಜ್ಜಿಯೊಬ್ಬರಿಗೆ ವಾಯಿದೆ ಇದೆಯೆನ್ನೋಣ. ಮೊದಲು ಪೇಟೆಗೆ ಬರಬೇಕು, ಬಸ್‌ಸ್ಟ್ಯಾಂಡಿನಲ್ಲಿ ಕಾದು ಮುಂದಿನ ಬಸ್ಸು ಹಿಡಿಯಬೇಕು. ಮಧ್ಯಾಹ್ನದ ಮೇಲೆ ಕೇಸು ಕೂಗಿದರೆ ಕಣ್ಣೆಲ್ಲ ಊರಿನ ಕೊನೇ ಬಸ್ಸಿನ ಮೇಲೆ. 2023ರ ಜೂನ್ 11ರಂದು ಆರಂಭವಾದ, ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಆಕೆಯ ಟಿಕೆಟ್ಟಿನ ಹೊರೆ ಇಳಿಸಿದೆ. ಅದು ದೊಡ್ಡ ಉಪಕಾರವೇ. ಕಾಯುವ ಹೊತ್ತು ಮಾತ್ರ ಹಾಗೇ ಉಳಿದಿದೆ. 2007ರ ಕಾಯ್ದೆಯ 17ನೇ ಕಲಮು ವಕೀಲರನ್ನು ಹೊರಗಿಟ್ಟಿದ್ದು ಹಿರಿಯರ ಖರ್ಚು ಉಳಿಯಲೆಂದು. ಆದರೆ ವಾಯಿದೆ ಮುಂದೆ ಹೋದಾಗೆಲ್ಲ ಆಕೆಯ ಒಂದು ದಿನ, ಜೊತೆಗೆ ಬಂದವರ ಒಂದು ದಿನದ ಕೂಲಿ ಹೋಗುತ್ತದೆ.

ಪರಿಹಾರ ಆಡಳಿತದ ಕೈಯಲ್ಲೇ ಇದೆ. ಖಾಸಗಿ ಬಸ್ಸುಗಳಿಗೆ ಪರ್ಮಿಟ್ ನೀಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಜಿಲ್ಲೆಯ ಕಂದಾಯ ಆಡಳಿತಕ್ಕೂ ಅವರೇ ಮುಖ್ಯಸ್ಥರು. ಹಾಗಾಗಿ ಬಸ್ಸಿನ ವೇಳೆಯನ್ನೂ ಕೋರ್ಟಿನ ವೇಳೆಯನ್ನೂ ಹೊಂದಿಸಲು ಅವರು ಮುಂದಾಗಬಹುದು. ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ಗೊತ್ತಾದ ದಿನ ಎ.ಸಿ. ಕೋರ್ಟು ಕೂರಬೇಕು. ಪಾಂಡವಪುರದಲ್ಲೇ ಕೂತ ದಿನ ದೂರದವರ ಕೇಸುಗಳನ್ನು, ಬಸ್ಸು ಬಂದು ಸೇರುವ ಹೊತ್ತು ನೋಡಿ, ಮೊದಲು ಕೂಗಬೇಕು. ನೋಟೀಸಿನಲ್ಲಿ ದಿನಾಂಕದ ಜೊತೆಗೆ ತಾಲ್ಲೂಕುವಾರು ವೇಳೆಯನ್ನೂ ಬರೆಯುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೊಸ ರಸ್ತೆಯೂ ಬೇಕಿಲ್ಲ.