ಸೇಲಂ ಸೀಮೆಯ ಪಾನನಿರೋಧ

ಊಟದೊಡನೆ ದ್ರಾಕ್ಷಾಮದ್ಯವನ್ನು ಮಿತವಾಗಿ ಸೇವಿಸುವ ಪದ್ಧತಿ ಪಶ್ಚಿಮ ದೇಶಗಳಲ್ಲಿ ಪ್ರಾಚೀನವಾದುದು. ಸೇಲಂ, ಧರ್ಮಪುರಿ ಸೀಮೆಯವರಾದ ನಮಗೆ ಪಾನವೆಂದರೆ ಹೆಂಡ, ಸಾರಾಯಿ. ಅದು ಬಡವನ ಊಟಕ್ಕೆ ಜೊತೆಯಾಗದೆ ಊಟವನ್ನೇ ಕಸಿಯುತ್ತಿತ್ತು. ಆದುದರಿಂದಲೇ ಇಲ್ಲಿ ಮಿತಿಯ ಮಾತಿಗಿಂತ ನಿರೋಧದ ಮಾತು ಮುಂದೆ ಬಂದಿತು.

ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ಶ್ರೀ ರಾಜಾಜಿಯವರು 1925ರಲ್ಲಿ ತಿರುಚೆಂಗೋಡಿನ ಸಮೀಪ ಗಾಂಧೀ ಆಶ್ರಮವನ್ನು ಸ್ಥಾಪಿಸಿ, ಖಾದಿಯೊಡನೆ ಪಾನನಿರೋಧದ ಪ್ರಚಾರವನ್ನೂ ಕೈಗೊಂಡರು. 1937ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾಗಿ, ಅದೇ ಅಕ್ಟೋಬರ್ 1ರಂದು ತಮ್ಮ ಹುಟ್ಟುಜಿಲ್ಲೆಯಾದ ಸೇಲಮಿನಲ್ಲಿಯೇ ಮೊದಲು ನಿರೋಧವನ್ನು ಜಾರಿಗೆ ತಂದರು. ಇಂದಿನ ಧರ್ಮಪುರಿ, ಕೃಷ್ಣಗಿರಿಗಳೂ ಅಂದು ಆ ಜಿಲ್ಲೆಗೇ ಸೇರಿದ್ದುದರಿಂದ ಹೊಸೂರು, ಡೆಂಕಣಿಕೋಟೆಗಳ ಕನ್ನಡ ಹಳ್ಳಿಗಳಲ್ಲಿಯೂ ಹೆಂಡದಂಗಡಿಗಳು ಮುಚ್ಚಿದುವು.

ಆದರೆ ಅಬಕಾರಿಯು ಬೊಕ್ಕಸದ ದೊಡ್ಡ ಆಧಾರವಾಗಿದ್ದಿತು. ನಷ್ಟವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂದಿತು. ಮರವೇರಿ ಹೆಂಡವಿಳಿಸುತ್ತಿದ್ದವನು ಕಸುಬನ್ನು ಕಳೆದುಕೊಂಡನು; ಎಂದೂ ಕುಡಿಯದವನು ಕೊಂಡ ಸರಕಿನ ಮೇಲೆ ತೆರಿಗೆ ತೆತ್ತನು. ಕುಡುಕನ ಮನೆಯೊಲೆ ಹೊತ್ತಿಕೊಳ್ಳಲೆಂದು ಇಬ್ಬರೂ ಬೆಲೆ ಕೊಟ್ಟರೆಂದೇ ನಾವು ಭಾವಿಸುತ್ತೇವೆ.

ಯುದ್ಧಕಾಲದಲ್ಲಿ ನಿಂತುಹೋದ ನಿರೋಧವು 1948ರಲ್ಲಿ ಇಡೀ ಪ್ರಾಂತಕ್ಕೆ ಹಬ್ಬಿತು. 1971ರಲ್ಲಿ ಸರಕಾರವು ಅದನ್ನು ತಡೆಹಿಡಿದಾಗ, ತೊಂಬತ್ತು ದಾಟಿದ ರಾಜಾಜಿಯವರು ಮುಖ್ಯಮಂತ್ರಿಗಳ ಮನೆಗೇ ಹೋಗಿ ಬೇಡಿಕೊಂಡರೂ ಫಲಿಸಲಿಲ್ಲ. ನಿರೋಧಕ್ಕಾಗಿ ಹುಟ್ಟಿದ ತೆರಿಗೆ ಮಾತ್ರ ನಿರೋಧವು ಹೋದ ಮೇಲೂ ಉಳಿಯಿತು. 2003ರಿಂದ ಸರಕಾರವೇ ಅಂಗಡಿಯಿಟ್ಟು ಮದ್ಯವನ್ನು ಮಾರುತ್ತಿದೆ. ಬೊಕ್ಕಸಕ್ಕೆ ಎರಡು ಆದಾಯಗಳಾದುವು. ಆ ಒಲೆಯ ಲೆಕ್ಕವನ್ನು ಕೇಳುವವರಿಲ್ಲ.