ರಾಂಪುರದ 1,523 ಮಂದಿ

ಎಂ. ಎನ್. ಶ್ರೀನಿವಾಸ್ ಮೈಸೂರಿನವರಾದರೂ ಸಮಾಜಶಾಸ್ತ್ರ ಕಲಿತದ್ದು ನಮ್ಮ ಮುಂಬೈಯಲ್ಲಿ, ಜಿ. ಎಸ್. ಘುರ್ಯೆಯವರ ಬಳಿ. ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ 1942ರಲ್ಲಿ ಬಂದ ಅವರ ಮೊದಲ ಪುಸ್ತಕ ಇಲ್ಲಿಯ ಎಂ.ಎ. ಪ್ರಬಂಧದಿಂದಲೇ ಬೆಳೆದದ್ದು. ಆಮೇಲೆ ಆಕ್ಸ್‌ಫರ್ಡಿಗೆ ಹೋಗಿ, 1948ರಲ್ಲಿ ಮೈಸೂರು ಸೀಮೆಯ ಕೊಡಗಹಳ್ಳಿಗೆ ಬಂದು ತಿಂಗಳುಗಟ್ಟಲೆ ಉಳಿದರು. ಬರಹದಲ್ಲಿ ಆ ಊರಿಗೆ ಅವರಿಟ್ಟ ಹೆಸರು ರಾಂಪುರ.

ಆಗ ಊರಿನ ಜನಸಂಖ್ಯೆ 1,523. ಅದರಲ್ಲಿ ಒಕ್ಕಲಿಗರೇ 735. ಉಳಿದವರು ಕುರುಬರು, ಹೊಲೆಯರು, ಲಿಂಗಾಯತರು, ಆಚಾರಿಗಳು, ಕುಂಬಾರರು, ಗಾಣಿಗರು, ಮಡಿವಾಳರು, ಮೇದರು, ಮುಸ್ಲಿಮರು, ಹೀಗೆ. ಕೆಲವು ಜಾತಿಗಳಿಗೆ ಒಂದೆರಡೇ ಮನೆ. ಒಕ್ಕಲಿಗರ ಸಂಖ್ಯೆ ಅರ್ಧಕ್ಕೆ ತುಸು ಕಡಿಮೆಯೇ. ಆದರೂ ಊರಿನ ಮಾತು ಅವರದು, ಏಕೆಂದರೆ ಜಮೀನಿನ ಬಹುಪಾಲು ಅವರದು. ಮಡಿ ಮೈಲಿಗೆಯ ಲೆಕ್ಕದಲ್ಲಿ ಬ್ರಾಹ್ಮಣರೂ ಲಿಂಗಾಯತರೂ ಮೇಲಿದ್ದರೂ ಜಗಳದ ತೀರ್ಪಿಗೆ ಜನ ಹೋಗುತ್ತಿದ್ದುದು ಒಕ್ಕಲಿಗ ಹಿರಿಯರ ಜಗಲಿಗೆ. ‘ಪ್ರಬಲ ಜಾತಿ’ ಎಂದು ಇಂದು ಚುನಾವಣೆ ಬಂದಾಗಲೆಲ್ಲ ಕೇಳುವ ಮಾತಿಗೆ ಶ್ರೀನಿವಾಸ್ ಶಾಸ್ತ್ರೀಯ ಅರ್ಥ ಕೊಟ್ಟದ್ದು ಈ ಊರನ್ನು ನೋಡಿ.

ಜೀತ, ಹಳೆಮಗ ಎಂಬ ಮಾತುಗಳ ಅರ್ಥವೂ ಈ ಲೆಕ್ಕದೊಳಗೇ ಇದೆ. ಜೀತದಾಳು ಸಾಲ ತೀರುವವರೆಗೆ ಒಡೆಯನ ಮನೆಯವನು. ಹಳೆಮಗನದು ತಲೆಮಾರಿನ ನಂಟು: ಹೊಲೆಯರ ಒಂದು ಮನೆ, ಜಮೀನುದಾರರ ಒಂದು ಮನೆ, ಅಪ್ಪನಿಂದ ಮಗನಿಗೆ. ‘ಮಗ’ ಎಂಬ ಆ ಪದದ ಸವಿ ನನಗೆ ಎಂದೂ ಗಂಟಲಿಗಿಳಿದಿಲ್ಲ.

ಇಂಥ ಜಾತಿವಾರು ಲೆಕ್ಕ ಸರ್ಕಾರದ ಪುಸ್ತಕದಲ್ಲಿ ಸಿಗುತ್ತಿರಲಿಲ್ಲ. ಎಲ್ಲ ಜಾತಿಗಳ ಅಂಕಿಗಳನ್ನು ಜನಗಣತಿ ಪೂರ್ತಿಯಾಗಿ ಪ್ರಕಟಿಸಿದ್ದು 1931ರಲ್ಲೇ ಕೊನೆ. 1951ರಿಂದ ಪರಿಶಿಷ್ಟರನ್ನು ಬಿಟ್ಟು ಉಳಿದವರ ಜಾತಿ ಕೇಳುವುದನ್ನೇ ಬಿಟ್ಟರು. ಹಾಗಾಗಿ ಒಬ್ಬ ಮನುಷ್ಯ ಒಂದು ಹಳ್ಳಿಯಲ್ಲಿ ಬರೆದುಕೊಂಡ ಟಿಪ್ಪಣಿಗೆ ಅಷ್ಟು ಬೆಲೆ.

ಆ ಟಿಪ್ಪಣಿಗಳ ಗತಿ ಗೊತ್ತಿರುವುದೇ. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಕೋಣೆಗೆ ಕಿಡಿಗೇಡಿಗಳು ಬೆಂಕಿಯಿಟ್ಟಾಗ, ವರ್ಷಗಟ್ಟಲೆ ಕೂತು ಅಣಿಗೊಳಿಸಿದ್ದ ಮೂರೂ ಪ್ರತಿಗಳು ಸುಟ್ಟವು. ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಎಲ್ಲರೂ ಹೊಗಳುವುದು ಅದರ ಸೊಗಸನ್ನು. ನನಗೆ ಮುಖ್ಯವೆನಿಸುವುದು ಅದರೊಳಗಿನ ಒಂದು ಒಪ್ಪಿಗೆ. ಅವರು ಉಳಿದಿದ್ದು ಊರ ಯಜಮಾನರು ಕೊಟ್ಟ ಜಾಗದಲ್ಲಿ. ಬ್ರಾಹ್ಮಣ ಅತಿಥಿ ಸ್ನಾನ ಮಾಡಿ ಆಮೇಲೆ ಕ್ಷೌರ ಮಾಡಿಕೊಂಡರೆ ಆ ಯಜಮಾನರೇ ಆಕ್ಷೇಪಿಸುತ್ತಿದ್ದರು. ಹೊಲಗೇರಿಯಲ್ಲಿ, ಮುಸ್ಲಿಮರ ನಡುವೆ, ಹೆಂಗಸರ ಜೊತೆ ಬೇಕಾದಷ್ಟು ಹೊತ್ತು ಕಳೆಯಲಾಗಲಿಲ್ಲ, ಊರನ್ನು ತಾವು ಮೇಲ್ಜಾತಿಯವರ ಕಣ್ಣಿನಿಂದಲೇ ಕಂಡದ್ದು ಎಂದು ಅವರೇ ಹೇಳಿದ್ದಾರೆ. ಎಣಿಸುವಾಗ 1,523 ಮಂದಿಯೂ ಸಮಾನರು, ನೆನೆಯುವಾಗ ಹಾಗಿರಲಿಲ್ಲ.

ಊರು ಬಿಟ್ಟು ಬಂದ ನಾವು ಇಂಥ ಪತ್ರಿಕೆಗಳಲ್ಲಿ ‘ನಮ್ಮೂರು’ ಎಂದು ಬರೆಯುತ್ತಲೇ ಇರುತ್ತೇವೆ. ತೇರು, ಕೆರೆ, ಅಜ್ಜಿಯ ಹಿತ್ತಿಲು ಎಲ್ಲ ಬರುತ್ತವೆ. ನಾನು ಈಗೀಗ ಅವನ್ನು ಓದುವಾಗ ಎಷ್ಟು ಕೇರಿಗಳ ಹೆಸರು ಬಂತೆಂದು ಎಣಿಸುತ್ತೇನೆ. ಸಾಮಾನ್ಯವಾಗಿ ಒಂದು, ಹೆಚ್ಚೆಂದರೆ ಎರಡು.