ಗೆದ್ದವರು ಒಂದು ಕಡೆ, ಆರಿಸಿ ತಂದವರು ಇನ್ನೊಂದು ಕಡೆ

ನಮ್ಮ ಏಕಸಂಬಿ ಕಡೆ ಫುಟ್‌ಬಾಲ್ ಅಂದ್ರೆ ಕೊಲ್ಲಾಪುರ. ಕಾಗದದ ಮೇಲೆ ನಾವು ಚಿಕ್ಕೋಡಿ ತಾಲ್ಲೂಕು, ಬೆಳಗಾವಿ ಜಿಲ್ಲೆ. ಆದರೆ ದೂಧಗಂಗಾ ದಾಟಿದರೆ ಮಹಾರಾಷ್ಟ್ರ. ಬೆಳಗಾವಿಗಿಂತ ಕೊಲ್ಲಾಪುರವೇ ಹತ್ತಿರ. ಅಲ್ಲಿನ ತಂಡಗಳ ಹೆಸರು ನೋಡಿ: ಪಾಟಾಕಡೀಲ ತಾಲೀಮ, ದಿಲಬಹಾರ್ ತಾಲೀಮ, ಖಂಡೋಬಾ ತಾಲೀಮ... ತಾಲೀಮ ಅಂದ್ರೆ ಗರಡಿಮನೆ. ಕುಸ್ತಿ ಆಡುತ್ತಿದ್ದ ಗಲ್ಲಿಗಳೇ ಫುಟ್‌ಬಾಲ್ ತಂಡ ಕಟ್ಟಿಕೊಂಡವು. ಶಾಹೂ ಸ್ಟೇಡಿಯಂನಲ್ಲಿ ಎರಡು ತಾಲೀಮಗಳು ಎದುರುಬದುರಾದರೆ ಅದು ಎರಡು ಪೇಟೆಗಳ ಮರ್ಯಾದೆಯ ಪ್ರಶ್ನೆ!

ಇಂಥ ಕಡೆ ಕಟ್ಟೆಯ ಮೇಲೆ ಕೂತವರು ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಈ ವರ್ಷ ಲೀಗ್ ಗೆದ್ದ ತಂಡವನ್ನು ಒಂದು ಕಡೆ ನಿಲ್ಲಿಸಿ. ಉಳಿದ ಎಲ್ಲಾ ತಂಡಗಳಿಂದ ಒಳ್ಳೊಳ್ಳೆಯ ಆಟಗಾರರನ್ನು ಆರಿಸಿ ಇನ್ನೊಂದು ಕಡೆ ನಿಲ್ಲಿಸಿ. ಯಾರು ಗೆಲ್ತಾರೆ?

ಕೇಳೋಕೆ ಹರಟೆಯ ಪ್ರಶ್ನೆ ಅನ್ನಿಸುತ್ತೆ. ಆದರೆ ಜಗತ್ತಿನಲ್ಲಿ ಕೆಲವರು ಇದನ್ನು ನಿಜವಾಗಿ ಆಡಿ ನೋಡಿದ್ದಾರೆ. ಆ ಫಲಿತಾಂಶಗಳನ್ನು ಸುಮಾರು ದಿನದಿಂದ ಕೂಡಿಹಾಕುತ್ತಿದ್ದೆ, ಇವತ್ತು ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಅಮೆರಿಕ. ಅವರ ಫುಟ್‌ಬಾಲ್ ಬೇರೆ ಬಿಡಿ, ಕೈಯಲ್ಲಿ ಹಿಡಿದು ಓಡೋದು. ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್ 1934ರಲ್ಲಿ ಒಂದು ಪಂದ್ಯ ಶುರು ಮಾಡಿದ. ವೃತ್ತಿಪರ ಲೀಗ್ ಚಾಂಪಿಯನ್ನರ ವಿರುದ್ಧ ಕಾಲೇಜು ಮುಗಿಸಿದ ಆಯ್ದ ಹುಡುಗರು. ಮೊದಲ ವರ್ಷ 79 ಸಾವಿರಕ್ಕೂ ಹೆಚ್ಚು ಜನ ಸೇರಿದರಂತೆ, ಆಟ ಮಾತ್ರ ಸೊನ್ನೆ-ಸೊನ್ನೆ! 1976ರವರೆಗೆ ನಡೆದ 42 ಪಂದ್ಯಗಳಲ್ಲಿ ಚಾಂಪಿಯನ್ನರು ಗೆದ್ದದ್ದು 31, ಕಾಲೇಜಿನವರು 9, ಸಮ 2. ಕೊನೆಯ ಪಂದ್ಯವಂತೂ ಗುಡುಗು ಮಳೆಯಲ್ಲಿ, ಜನ ಮೈದಾನಕ್ಕೆ ನುಗ್ಗಿ, ಅರ್ಧಕ್ಕೇ ನಿಂತುಹೋಯಿತು.

ಕಾಲೇಜು ಹುಡುಗರು ಪಳಗಿದ ಆಟಗಾರರಿಗೆ ಸೋತರೆ ಏನು ಆಶ್ಚರ್ಯ, ಅಂತ ನೀವು ಕೇಳಬಹುದು. ಸರಿ, ಹಾಗಾದರೆ ಇನ್ನೊಂದು ಪಂದ್ಯ ನೋಡೋಣ. ಅದೇ ಅಮೆರಿಕದಲ್ಲಿ 1939ರ ಜನವರಿಯಲ್ಲಿ, ಲಾಸ್ ಏಂಜಲಿಸ್‌ನಲ್ಲಿ, ಲೀಗ್ ಚಾಂಪಿಯನ್ ನ್ಯೂಯಾರ್ಕ್ ಜೈಂಟ್ಸ್ ತಂಡ ಉಳಿದ ತಂಡಗಳಿಂದ ಆರಿಸಿದ ವೃತ್ತಿಪರರ ವಿರುದ್ಧ ಆಡಿತು. ಇದು ನಮ್ಮ ಕಟ್ಟೆಯ ಪ್ರಶ್ನೆಯ ಅಚ್ಚು. ಜೈಂಟ್ಸ್ 13-10ರಿಂದ ಗೆದ್ದರು. ಮರುವರ್ಷ ಗ್ರೀನ್ ಬೇ ಪ್ಯಾಕರ್ಸ್ 16-7. ಅದೇ 1940ರ ಡಿಸೆಂಬರಿನಲ್ಲಿ ಷಿಕಾಗೋ ಬೇರ್ಸ್ 28-14. ಪರ್ಲ್ ಹಾರ್ಬರ್ ದಾಳಿಯ ನಂತರ ಪಶ್ಚಿಮ ಕರಾವಳಿಯಲ್ಲಿ ಭಯ ಇದ್ದದ್ದರಿಂದ 1942ರ ಜನವರಿಯ ಪಂದ್ಯವನ್ನು ನ್ಯೂಯಾರ್ಕಿಗೆ ಒಯ್ದರು. ಮತ್ತೆ ಬೇರ್ಸ್, 35-24. ಐದನೆಯದು 1942ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ. ಆಗ ಮಾತ್ರ ಆಯ್ದ ತಂಡ ವಾಷಿಂಗ್ಟನ್ನನ್ನು 17-14ರಿಂದ ಸೋಲಿಸಿತು. ಅಲ್ಲಿಗೆ ಯುದ್ಧಕಾಲದ ಪ್ರಯಾಣದ ತಾಪತ್ರಯದಿಂದ ಪಂದ್ಯವೇ ನಿಂತಿತು. 1951ರಲ್ಲಿ ಮತ್ತೆ ಶುರುವಾದಾಗ ಚಾಂಪಿಯನ್ನರ ಮಾತೇ ಇಲ್ಲ, ಎರಡು ಕಡೆಯೂ ಆಯ್ದವರೇ.

ಐದರಲ್ಲಿ ನಾಲ್ಕು ಚಾಂಪಿಯನ್ನರಿಗೆ!

ಇನ್ನು ನಮ್ಮ ಫುಟ್‌ಬಾಲ್, ಕಾಲಲ್ಲಿ ಒದೆಯುವುದು. ಇಂಗ್ಲೆಂಡಿನಲ್ಲಿ ಸೀಸನ್ ಶುರುವಿಗೆ ಚಾರಿಟಿ ಶೀಲ್ಡ್ ಅಂತ ಒಂದು ಪಂದ್ಯ. ಅಷ್ಟು ಹೊತ್ತಿಗೆ ಲೀಗ್ ಗೆದ್ದವರಿಗೂ ಎಫ್.ಎ. ಕಪ್ ಗೆದ್ದವರಿಗೂ ಆಡಿಸುವುದು ವಾಡಿಕೆಯಾಗಿತ್ತು. 1961ರಲ್ಲಿ ಪೇಚಾಯಿತು. ಎರಡನ್ನೂ ಟಾಟನ್‌ಹ್ಯಾಮ್ ತಂಡವೇ ಗೆದ್ದುಬಿಟ್ಟಿತ್ತು. ಎದುರಾಳಿ ಎಲ್ಲಿಂದ ತರೋದು? ಫುಟ್‌ಬಾಲ್ ಸಂಸ್ಥೆ ಹನ್ನೊಂದು ಜನರನ್ನು ಆರಿಸಿ ನಿಲ್ಲಿಸಿತು. ಟಾಟನ್‌ಹ್ಯಾಮ್ 3-2ರಿಂದ ಗೆದ್ದಿತು.

ನಮ್ಮ ದೇಶಕ್ಕೆ ಬಂದರೆ ಇಂಥ ಪಂದ್ಯ ಬೇರೂರಿದ್ದು ಫುಟ್‌ಬಾಲಿನಲ್ಲಲ್ಲ, ಕ್ರಿಕೆಟ್ಟಿನಲ್ಲಿ. ನಿಮಗೆಲ್ಲ ಗೊತ್ತಿರೋದೇ, ಇರಾನಿ ಕಪ್. ರಣಜಿ ಟ್ರೋಫಿಗೆ 25 ವರ್ಷ ತುಂಬಿದ ನೆನಪಿಗೆ ಹುಟ್ಟಿದ್ದು. ಮೊದಲ ಪಂದ್ಯ 1960ರ ಮಾರ್ಚಿನಲ್ಲಿ ದೆಹಲಿಯಲ್ಲಿ, ಬಾಂಬೆ ವಿರುದ್ಧ ಶೇಷ ಭಾರತ. ಕ್ರಿಕೆಟ್ ಮಂಡಳಿಯಲ್ಲಿ ಬಹುಕಾಲ ಖಜಾಂಚಿಯಾಗಿದ್ದ, ಆಮೇಲೆ ಅಧ್ಯಕ್ಷರೂ ಆದ ಝಾಲ್ ಇರಾನಿಯವರ ಹೆಸರು ಅದಕ್ಕೆ. ರಣಜಿ ಗೆದ್ದವರು ಒಂದು ಕಡೆ, ಮಿಕ್ಕ ಇಡೀ ದೇಶದಿಂದ ಆರಿಸಿದವರು ಇನ್ನೊಂದು ಕಡೆ.

ಇಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. 2025ರವರೆಗೆ ಅರವತ್ತರ ಆಸುಪಾಸಿನಷ್ಟು ಪಂದ್ಯಗಳಾಗಿವೆ. ಅದರಲ್ಲಿ ಸುಮಾರು ಅರ್ಧ ಕಪ್ ಶೇಷ ಭಾರತದ ಪಾಲು. ಫುಟ್‌ಬಾಲಿನಲ್ಲಿ ಕಂಡ ಹಾಗೆ ಚಾಂಪಿಯನ್ನರ ಕೈ ಸಲೀಸಾಗಿ ಮೇಲಾಗಲಿಲ್ಲ. ಯಾಕೆ?

ನನಗೆ ತೋಚೋದು ಇಷ್ಟು. ಕ್ರಿಕೆಟ್ ತಂಡದ ಆಟ ಅಂತೀವಿ, ಆದರೆ ಒಂದೊಂದು ಚೆಂಡೂ ಇಬ್ಬರ ನಡುವಿನ ಜಗಳ. ಒಳ್ಳೆಯ ಬೌಲರ್ ನಿನ್ನೆ ರಾತ್ರಿ ರೈಲಿಳಿದು ಬಂದಿದ್ದರೂ ಔಟ್‌ಸ್ವಿಂಗ್ ಹಾಕಬಲ್ಲ. ಫುಟ್‌ಬಾಲಿನಲ್ಲಿ ಹಾಗಲ್ಲ. ಪಕ್ಕದವ ಎಲ್ಲಿ ಓಡ್ತಾನೆ ಅಂತ ನೋಡದೇ ಗೊತ್ತಾಗಬೇಕು. ಅದು ಒಂದು ವಾರದ ಕ್ಯಾಂಪಿನಲ್ಲಿ ಬರೋದಲ್ಲ.

ಹಾಗಂತ ಕ್ರಿಕೆಟ್ಟಿನಲ್ಲಿ ಒಗ್ಗಟ್ಟಿಗೆ ಬೆಲೆಯೇ ಇಲ್ಲ ಅಂದುಕೊಂಡರೆ ಅದೂ ತಪ್ಪು. 1989ರ ನವೆಂಬರ್, ವಾಂಖೆಡೆ ಮೈದಾನ. ದೆಹಲಿ ವಿರುದ್ಧ ಶೇಷ ಭಾರತ. ಹದಿನಾರರ ಸಚಿನ್ ತೆಂಡೂಲ್ಕರ್ ಅಜೇಯ 103 ಹೊಡೆದ. ಕೈ ಮುರಿದಿದ್ದ ಗುರುಶರಣ್ ಸಿಂಗ್ ಕೊನೆಗೆ ಬ್ಯಾಟ್ ಹಿಡಿದು ಬಂದು ಹುಡುಗನ ಶತಕಕ್ಕೆ ಜೊತೆ ನಿಂತರು. ಈ ಕಥೆ ಎಲ್ಲರೂ ಹೇಳ್ತಾರೆ. ಪಂದ್ಯ ಯಾರು ಗೆದ್ದರು ಅಂತ ಮಾತ್ರ ಯಾರೂ ಹೇಳೋದಿಲ್ಲ. ದೆಹಲಿ ಗೆದ್ದಿತು, 309 ರನ್ನಿನಿಂದ!

ಇನ್ನು ನಮ್ಮ ಕರ್ನಾಟಕ. ಸತತ 15 ವರ್ಷ ರಣಜಿ ಗೆದ್ದ ಬಾಂಬೆಯ ಓಟ ನಿಲ್ಲಿಸಿ, ಪ್ರಸನ್ನ ನಾಯಕತ್ವದಲ್ಲಿ 1974ರಲ್ಲಿ ಮೊದಲ ಸಲ ರಣಜಿ ಗೆದ್ದೆವು. ಆ ವರ್ಷದ ಇರಾನಿಯಲ್ಲಿ ಶೇಷ ಭಾರತಕ್ಕೆ ಸೋತೆವು. 1978ರಲ್ಲಿ ಮತ್ತೆ ಹಾಗೇ ಆಯಿತು. ದೇಶದ ಚಾಂಪಿಯನ್ ಆದರೂ ದೇಶದ ಉಳಿದವರ ಮುಂದೆ ನಿಲ್ಲೋದು ಕಷ್ಟ ಅನ್ನೋದು ಎರಡು ಸಲ ಸಾಬೀತಾಯಿತು.

ಆಮೇಲೆ ನೋಡಿ. 1983, 1996, 1998, 1999, 2014, 2015. ಆಡಿದ ಆರೂ ಸಲ ಕಪ್ ನಮ್ಮದೇ. ಒಟ್ಟು ಎಂಟರಲ್ಲಿ ಆರು.

2014ರದ್ದು ನನಗೆ ಬಹಳ ಇಷ್ಟ. ಚಿನ್ನಸ್ವಾಮಿ ಮೈದಾನ. ಶೇಷ ಭಾರತಕ್ಕೆ ಹರಭಜನ್ ಸಿಂಗ್ ನಾಯಕ. ನಮಗೆ ದಾವಣಗೆರೆಯ ವಿನಯ್ ಕುಮಾರ್. ಮೊದಲ ದಿನವೇ ವಿನಯ್ ಆರು ವಿಕೆಟ್ ಕಿತ್ತು ಅವರನ್ನು 201ಕ್ಕೆ ಮಡಚಿಟ್ಟರು. ನಮ್ಮವರು 606 ಹೊಡೆದರು. ಎರಡನೇ ಸಲ ಅವರು 183. ಇನಿಂಗ್ಸ್ ಮತ್ತು 222 ರನ್! ಮರುವರ್ಷ ಅದೇ ಮೈದಾನದಲ್ಲಿ ಮೊದಲ ಇನಿಂಗ್ಸ್‌ನಲ್ಲಿ 20 ರನ್ ಹಿಂದೆ ಬಿದ್ದರೂ 246 ರನ್ನಿನಿಂದ ಗೆದ್ದೆವು. ಎರಡೂ ಸೀಸನ್ನಿನಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕರ್ನಾಟಕಕ್ಕೇ.

ಅದೇ ತಂಡದ ಇಬ್ಬರನ್ನು 2016ರಲ್ಲಿ ಆಚೆ ಕಡೆ ನೋಡಿ. ಮುಂಬೈ ರಣಜಿ ಗೆದ್ದಿತ್ತು, ಮೊದಲ ಇನಿಂಗ್ಸ್‌ನಲ್ಲಿ 603 ರನ್ ಹಾಕಿತ್ತು. ಶೇಷ ಭಾರತಕ್ಕೆ ಕೊನೆಗೆ ಬೇಕಾದದ್ದು 480. ವಿದರ್ಭದ ಫೈಜ್ ಫಜಲ್ ಶತಕ, ಕರುಣ್ ನಾಯರ್ 92, ಸ್ಟುವರ್ಟ್ ಬಿನ್ನಿ 54. ನಾಲ್ಕು ವಿಕೆಟ್ ಉಳಿಸಿಕೊಂಡು ಗೆದ್ದರು. ಇರಾನಿಯಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಅದಕ್ಕೆ ಮುಂಚೆ ಯಾರೂ ಬೆನ್ನಟ್ಟಿ ಗೆದ್ದಿರಲಿಲ್ಲ. ಒಟ್ಟಿಗೆ ಬೆಳೆದವರೇ ಯಾವಾಗಲೂ ಗೆಲ್ತಾರೆ ಅಂತ ಷರಾ ಬರೆಯಲು ಹೊರಟವರ ಪೆನ್ನು ಇಲ್ಲಿ ನಿಲ್ಲಬೇಕಾಗುತ್ತದೆ.

ಈ ಪಂದ್ಯಗಳ ನಿಜವಾದ ಬೆಲೆ ಇರೋದೇ ಅಲ್ಲಿ ಅನ್ನಿಸುತ್ತೆ ನನಗೆ. ಉತ್ತರ ಮೊದಲೇ ಗೊತ್ತಿರೋದಿಲ್ಲ. ಎರಡೂ ಕಡೆ ಆಯ್ದವರೇ ಇದ್ದರೆ ಅದು ಜಾತ್ರೆ, ಯಾರು ಗೆದ್ದರೂ ಯಾರಿಗೂ ನೋವಿಲ್ಲ. ಅಮೆರಿಕದವರ ಆ ಪಂದ್ಯ ಕೊನೆಗೆ ಹಾಗೇ ಆಯಿತು. 2023ರಿಂದ ಅದರಲ್ಲಿ ಮೈಗೆ ಮೈ ತಾಗಿಸುವುದನ್ನೇ ಬಿಟ್ಟು, ಸೊಂಟದ ಬಾವುಟ ಕೀಳುವ ಆಟ ಮಾಡಿಕೊಂಡರು. ಚಾಂಪಿಯನ್ ತಂಡ ಒಂದು ಕಡೆ ನಿಂತರೆ ಹಾಗಲ್ಲ. ಅದಕ್ಕೊಂದು ಊರಿದೆ, ಸೋತರೆ ತಲೆ ತಗ್ಗಿಸುವ ಜನ ಇದ್ದಾರೆ. ಆಚೆ ಕಡೆಯವನಿಗೆ ಊರಿಲ್ಲ, ಆದರೆ ಭಾರತ ತಂಡದ ಬಾಗಿಲು ತಟ್ಟುವ ಹಸಿವಿದೆ.

ಇರಾನಿ ಕಪ್ ಮೊದಮೊದಲು ಸೀಸನ್ನಿನ ಕೊನೆಗೆ ಬರುತ್ತಿತ್ತು. ಅರವತ್ತರ ದಶಕದ ನಡುವಿನಿಂದ ಸೀಸನ್ನಿಗೆ ಮುನ್ನುಡಿಯಾಯಿತು. 2013ರಿಂದ ರಣಜಿ ಫೈನಲ್ಲಿನ ಬೆನ್ನಿಗೆ ಬಂತು. ಕೋವಿಡ್ ಬಂದಾಗ ನಿಂತೇಹೋಯಿತು. 2020ರಲ್ಲಿ ರಣಜಿ ಗೆದ್ದ ಸೌರಾಷ್ಟ್ರ ತನ್ನ ಇರಾನಿ ಪಂದ್ಯಕ್ಕೆ 2022ರ ಅಕ್ಟೋಬರಿನವರೆಗೆ ಕಾಯಬೇಕಾಯಿತು. ಕ್ಯಾಲೆಂಡರಿನಲ್ಲಿ ಜಾಗ ಸಾಲದೇ ಹೋದಾಗ ಮೊದಲು ಕತ್ತರಿ ಬೀಳೋದು ಇಂಥದ್ದಕ್ಕೇ.

2024ರಲ್ಲಿ ಲಖನೌದಲ್ಲಿ ಮುಂಬೈ, 2025ರಲ್ಲಿ ನಾಗಪುರದಲ್ಲಿ ವಿದರ್ಭ ಗೆದ್ದವು. ಎರಡು ವರ್ಷ ಸತತ ಚಾಂಪಿಯನ್ನರ ಕೈ ಮೇಲಾಯಿತು. ಪತ್ರಿಕೆಯಲ್ಲಿ ಓದಿದ ನೆನಪಿದೆಯಾ ನಿಮಗೆ? ಹರಾಜಿನಲ್ಲಿ ಯಾರಿಗೆ ಎಷ್ಟು ಕೋಟಿ ಅನ್ನೋದು ಮಾತ್ರ ಎಲ್ಲರಿಗೂ ಬಾಯಿಪಾಠ. ದುಡ್ಡು ಕೊಟ್ಟು ಆರಿಸಿ ತಂದ ತಂಡಗಳೇ ಎಲ್ಲೆಲ್ಲೂ ತುಂಬಿಕೊಂಡಿರುವಾಗ, ಒಂದು ನೆಲದ ತಂಡ ಅಂಥದ್ದೊಂದರ ಎದುರು ವರ್ಷಕ್ಕೊಮ್ಮೆಯಾದರೂ ನಿಂತು ಲೆಕ್ಕ ಕೇಳೋದು ಒಳ್ಳೆಯದಲ್ಲವೇ? ಮುಂದಿನ ಸಲ ಕರ್ನಾಟಕ ರಣಜಿ ಗೆದ್ದರೆ ಆ ಐದು ದಿನ ರಜೆ ಹಾಕಿಯಾದರೂ ಸರಿ, ನಾನಂತೂ ನೋಡೋದೇ.